ಮೊದಲು ಗೋಡೆ, ಆಮೇಲೆ ನೆಲ

ಧೂಳು ಹೀರುವ ಮಿಷಿನ್ನನ್ನು ಮನೆಮನೆಗೆ ಹೊತ್ತುಕೊಂಡು ಹೋಗಿ ಮಾರುವ ಹೆಂಗಸನ್ನು ಧೂಳಕ್ಕ ಅನ್ನದೆ ಇನ್ನೇನು ಅನ್ನಬೇಕು? ಹಾಗೆ ಮೊದಲು ಕರೆದವನು ಬಸ್ಸಿನ ಕಂಡಕ್ಟರ್. ಮಿಷಿನ್ನಿನ ದೊಡ್ಡ ಚೀಲ ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು. ಅವನು ದಿನವೂ, "ಧೂಳಕ್ಕಾ, ನಿಮ್ಮ ಕೂಸನ್ನ ಸ್ವಲ್ಪ ಈಚೆ ಎಳ್ಕೊಳ್ಳಿ" ಅನ್ನುತ್ತಿದ್ದ. ಹೆಸರು ಬಸ್ಸಿಳಿದು ಅವಳ ಹಿಂದೆಯೇ ಬೀದಿಗೆ ಬಂತು, ಅಲ್ಲಿಂದ ಆಫೀಸಿನೊಳಗೂ ನುಗ್ಗಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು, ಸಂಜೆಯ ಹೊತ್ತಿಗೆ ಅದು ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಅವಳ ಕಂಪನಿಗೆ ಅಂಗಡಿ ಇಲ್ಲ. ಅಂಗಡಿ ಇಟ್ಟರೆ ಜನ ಬರುತ್ತಾರೆ, ಬೆಲೆ ಕೇಳುತ್ತಾರೆ, ಹುಬ್ಬೇರಿಸಿ ಹೊರಟುಬಿಡುತ್ತಾರೆ. ತಮ್ಮದೇ ಮನೆಯಿಂದ ಯಾರೂ ಹಾಗೆ ಎದ್ದು ಹೊರಡುವಂತಿಲ್ಲವಲ್ಲ. ಅದಕ್ಕೇ ಕಂಪನಿ ಮನೆಗೇ ಬರುತ್ತದೆ, ನಗುತ್ತಾ ಬರುತ್ತದೆ. ಟ್ರೈನಿಂಗಿನಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸುವ ಮಾತೊಂದಿದೆ: ಮೊದಲು ಗೋಡೆ, ಆಮೇಲೆ ನೆಲ. ಒಳಗೆ ಕಾಲಿಟ್ಟ ತಕ್ಷಣ ಮಿಷಿನ್ ಬಿಚ್ಚಬಾರದು. ಗೋಡೆಯ ಮೇಲಿನ ಫೋಟೋ ನೋಡಬೇಕು. ಇವರು ಯಾರು, ಇದು ಎಲ್ಲಿ ತೆಗೆಸಿದ್ದು, ಈ ಪಾಪು ಈಗ ಏನು ಓದುತ್ತಿದೆ ಅಂತ ಕೇಳಬೇಕು, ಕೇಳಿ ಮುಖ ಅರಳಿಸಬೇಕು. ಗೋಡೆ ಮುಗಿದ ಮೇಲೆ ನೆಲಕ್ಕಿಳಿಯಬೇಕು. ತಮ್ಮ ಮಕ್ಕಳ ಬಗ್ಗೆ ಅಷ್ಟು ಹೊತ್ತು ಮಾತಾಡಿದವರಿಗೆ ಆಮೇಲೆ ಬೇಡ ಅನ್ನಲು ನಾಲಿಗೆ ಏಳುವುದಿಲ್ಲ ಎಂಬುದು ಕಂಪನಿಯ ನಂಬಿಕೆ.

"ಕಸ್ಟಮರ್ ಜೊತೆ ಕನೆಕ್ಷನ್ ಬೇಕು ಮೇಡಂ. ಜೆನ್ಯೂನ್ ಕನೆಕ್ಷನ್" ಎಂದು ಟೀಮ್ ಲೀಡರ್ ಪ್ರತಿ ಸೋಮವಾರದ ಮೀಟಿಂಗಿನಲ್ಲೂ ಎದೆ ಮುಟ್ಟಿಕೊಂಡು ಹೇಳುತ್ತಿದ್ದ. ಒಳ್ಳೆಯವನೇ. ಟೈ ಮಾತ್ರ ಯಾವಾಗಲೂ ಅವನ ಕುತ್ತಿಗೆ ಹಿಸುಕುತ್ತಿರುವಂತೆ ಕಾಣುತ್ತಿತ್ತು.

"ಕನೆಕ್ಷನ್ ಅಂದ್ರೆ ನಂಗೆ ಗೊತ್ತಿರೋದು ಕರೆಂಟಿಂದು, ನೀರಿಂದು" ಎಂದಿದ್ದಳು ಧೂಳಕ್ಕ ಒಮ್ಮೆ. "ಎರಡಕ್ಕೂ ಆಮೇಲೆ ಬಿಲ್ ಬರುತ್ತೆ ಸಾರ್."

ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು, ಅದೇ ಮಾತನ್ನು ಮತ್ತೆ ಮೊದಲಿನಿಂದ ಶುರು ಮಾಡಿದ.

ಗೋಡೆಯ ಕೆಲಸದಲ್ಲಿ ಧೂಳಕ್ಕನನ್ನು ಮೀರಿಸುವವರು ಆಫೀಸಿನಲ್ಲಿ ಇರಲಿಲ್ಲ. ಯಾರದೋ ಮಗಳ ಡಿಗ್ರಿ, ಯಾರದೋ ಮಾವನ ಬೈಪಾಸು, ಯಾರದೋ ಅಳಿಯನ ಹೊಸ ಕಾರು, ಎಲ್ಲಕ್ಕೂ ಅವಳು ಬಾಯಿ ಬಿಟ್ಟುಕೊಂಡು ಆಶ್ಚರ್ಯಪಟ್ಟಿದ್ದಳು. ಊರವರ ಸಂಸಾರವೆಲ್ಲ ಕಿವಿಯಲ್ಲಿ ತುಂಬಿಕೊಂಡು ತಲೆ ಭಾರವಾಗಿತ್ತು. ಅವಳಿಗೆ ರೋಸಿ ಹೋಗಿದ್ದದ್ದು ಸುಳ್ಳು ಹೇಳುವುದರಿಂದಲ್ಲ. ಕೇಳಿದ್ದರಲ್ಲಿ ಅರ್ಧ ಅವಳಿಗೆ ನಿಜವಾಗಿಯೂ ಇಷ್ಟವಾಗುತ್ತಿತ್ತು, ಆ ಇಷ್ಟವೂ ಆರ್ಡರಿಗಾಗಿಯೇ ಅಂತ ಗೊತ್ತಿದ್ದುದರಿಂದ ತನ್ನ ಮೇಲೇ ಅಸಹ್ಯ ಹುಟ್ಟುತ್ತಿತ್ತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ತಿರುಗಿ, ನಿಮ್ಮ ಮನೆಯಲ್ಲಿ ಯಾರಿದ್ದೀರಿ ಅಂತ ಕೇಳಿದ್ದರೆ ಕೇಳಿ. ಹಾಗೆ ಕೇಳಿದರೆ ಏನನ್ನಬೇಕು ಅಂತಲೂ ಟ್ರೈನಿಂಗಿನಲ್ಲಿ ಕಲಿಸಿದ್ದರು: "ನೀವೇ ನಮ್ಮ ಫ್ಯಾಮಿಲಿ." ಆ ಉತ್ತರ ಬಳಸದೆ ಬಾಯಲ್ಲೇ ಹಳೆಯದಾಗಿತ್ತು.

ಮನೆಯಲ್ಲಿ ಇದ್ದವನು ಗಂಡ. ಅವನು ಬೇಕರಿಯಲ್ಲಿ ಒಲೆಯ ಮುಂದೆ ರಾತ್ರಿ ಪಾಳಿ ಮಾಡುತ್ತಿದ್ದ. ಅವನು ಬರುವ ಹೊತ್ತಿಗೆ ಇವಳು ಹೊರಡುವಳು, ಇವಳು ಬರುವ ಹೊತ್ತಿಗೆ ಅವನು ಹೊರಡುವನು. ಇಬ್ಬರ ದಾಂಪತ್ಯವೆಲ್ಲ ಬಾಗಿಲಲ್ಲಿ ನಡೆಯುತ್ತಿತ್ತು. ಹಾಸಿಗೆ ಒಂದೇ, ಹಗಲು ಅವನದು, ರಾತ್ರಿ ಇವಳದು. ರೆಪ್ಪೆಯಲ್ಲಿ ಹಿಟ್ಟು ಮೆತ್ತಿಕೊಂಡು ಬಂದು ಹಾಗೇ ಮಲಗಿಬಿಡುತ್ತಿದ್ದ. ಒಬ್ಬನೇ ಮಲಗಿದರೂ ಗೋಡೆಯ ಕಡೆಯ ತನ್ನ ಜಾಗ ಬಿಟ್ಟು ಈಚೆ ಬರುತ್ತಿರಲಿಲ್ಲ. "ಊರವರ ಹಾಸಿಗೆಗೆಲ್ಲಾ ಮಿಷಿನ್ ಹಾಕ್ತೀಯ, ನಮ್ಮ ಹಾಸಿಗೆಗೆ ಒಂದಿನ ಡೆಮೋ ಕೊಡು" ಎಂದು ಆಗಾಗ ರೇಗಿಸುತ್ತಿದ್ದ. "ಕಸ್ಟಮರ್ ಆಗಿ ಬನ್ನಿ, ಕೊಡ್ತೀನಿ" ಅನ್ನುತ್ತಿದ್ದಳು ಅವಳು.

ಈಚೆಗೆ ಆರ್ಡರುಗಳು ಕೈ ಕೊಟ್ಟಿದ್ದವು. ಗೋಡೆ ಚೆನ್ನಾಗಿಯೇ ನಡೆಯುತ್ತಿತ್ತು, ನೆಲವೂ ನಡೆಯುತ್ತಿತ್ತು, ಕೊನೆಗೆ "ಮನೆಯವರನ್ನ ಕೇಳಿ ಹೇಳ್ತೀವಿ" ಎಂಬಲ್ಲಿಗೆ ಬಂದು ಎಲ್ಲವೂ ನಿಲ್ಲುತ್ತಿತ್ತು. ಶುಕ್ರವಾರ ಟೀಮ್ ಲೀಡರ್ ಅವಳನ್ನು ಪಕ್ಕಕ್ಕೆ ಕರೆದ.

"ನಾಳೆ ಒಂದಾದ್ರೂ ಆರ್ಡರ್ ತನ್ನಿ ಮೇಡಂ. ಇಲ್ಲಾಂದ್ರೆ ಡೆಮೋ ಮಿಷಿನ್ ವಾಪಸ್ ತಂದಿಡ್ಬೇಕಾಗುತ್ತೆ. ಹೊಸಬರು ಕಾಯ್ತಾ ಇದ್ದಾರೆ. ಮೇಲಿಂದ ಹೇಳಿದ್ದಾರೆ, ನಾನೇನೂ ಮಾಡೋ ಹಾಗಿಲ್ಲ."

ಮಿಷಿನ್ ಹೋದರೆ ಕೆಲಸ ಹೋದ ಹಾಗೆ. ಅದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಶನಿವಾರ ಎರಡು ಮನೆ ಇದ್ದವು. ಎರಡನೆಯದು ಖಾತ್ರಿ. ಹಲ್ಲಿನ ಡಾಕ್ಟರ್ ದಂಪತಿ ನೆಂಟರ ಮನೆಯಲ್ಲಿ ಮಿಷಿನ್ ನೋಡಿ, ತಾವಾಗಿಯೇ ಫೋನು ಮಾಡಿದ್ದರು. ಐದಕ್ಕೆ ಬಂದರೆ ಸಿಗುತ್ತೇವೆ, ಆಮೇಲೆ ಪ್ರಯಾಣ ಹೊರಡಬೇಕು, ಒಂದು ಸಲ ತೋರಿಸಿಬಿಡಿ, ತೆಗೆದುಕೊಂಡುಬಿಡುತ್ತೇವೆ ಅಂದಿದ್ದರು. ಮೊದಲನೆಯ ಮನೆ ಬರೀ ಹೆಸರಿಗೆ. ಒಬ್ಬ ವಯಸ್ಸಾದ ಹೆಂಗಸು. ಅವರ ತಂಗಿ ಫೋನಿನಲ್ಲಿ, "ಅಕ್ಕನ ಮನೆ ಒಂದ್ಸಲ ಕ್ಲೀನಾಗ್ಲಿ ಅಂತ ಬುಕ್ ಮಾಡ್ತಿದೀನಿ, ಫ್ರೀ ತಾನೆ?" ಎಂದು ಕೇಳಿದ್ದರು. ಫ್ರೀ ತಾನೆ ಎನ್ನುವವರು ಕೊಳ್ಳುವುದಿಲ್ಲ. ಅದು ಆಫೀಸಿನ ಗೋಡೆಗಳಿಗೂ ಗೊತ್ತು.

ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಧೂಳಕ್ಕನ ಮಂಡಿ ಹಿಡಿದುಕೊಂಡಿತ್ತು. ಬಾಗಿಲು ತೆಗೆದವರು ದಪ್ಪ ಕನ್ನಡಕದ, ಸಣ್ಣ ಮೈಕಟ್ಟಿನ ಹೆಂಗಸು.

"ಬನ್ನಿ. ತಂಗಿ ಹೇಳಿದ್ಲು. ಕೂತ್ಕೊಳ್ಳಿ, ನೀರು ಕೊಡ್ಲಾ?"

"ಬೇಡಮ್ಮ, ಬೇಗ ತೋರಿಸಿಬಿಡ್ತೀನಿ."

ಎದುರು ಗೋಡೆಯ ಮೇಲೆ ಒಂದೇ ಒಂದು ದೊಡ್ಡ ಫೋಟೋ ಇತ್ತು. ಯಾವುದೋ ಅಂಗಡಿಯ ಮುಂದೆ ಯಾರೋ ಒಬ್ಬ ಗಂಡಸು ನಿಂತಿದ್ದಾನೆ ಅನ್ನುವಷ್ಟು ಮಾತ್ರ ಧೂಳಕ್ಕನ ಕಣ್ಣಂಚಿಗೆ ಬಿತ್ತು. ಕೇಳಬೇಕಿತ್ತು. ಕೇಳಿದರೆ ಕಥೆ ಶುರುವಾಗುತ್ತದೆ, ಕಥೆಗೆ ತಲೆಯಾಡಿಸಬೇಕು, ಐದಕ್ಕೆ ಅಲ್ಲಿರಬೇಕು. ಇವತ್ತೊಂದು ದಿನ ನನಗೂ ಇವರಿಗೂ ಈ ನಾಟಕ ಬೇಡ ಎಂದುಕೊಂಡು ಚೀಲದ ಜಿಪ್ ಎಳೆದಳು. ಮನೆಗೆ ಬಂದವಳು ಗೋಡೆ ಬಿಟ್ಟು ನೇರ ನೆಲಕ್ಕಿಳಿದದ್ದು ಅದೇ ಮೊದಲು, ಒಂದು ತರಹದ ನೆಮ್ಮದಿಯೂ ಆಯಿತು.

ಮಿಷಿನ್ನಿನ ಕುತ್ತಿಗೆಯಲ್ಲಿ ಒಂದು ಬಳೆ ಇದೆ. ಅದರೊಳಗೆ ಅಂಗೈ ಅಗಲದ ಕಪ್ಪು ಬಟ್ಟೆಯ ಬಿಲ್ಲೆ ಸಿಕ್ಕಿಸಿ ಮಿಷಿನ್ ಓಡಿಸಿದರೆ ಹೀರಿದ ಧೂಳೆಲ್ಲ ಬಟ್ಟೆಗೆ ಹತ್ತಿ ಕೂರುತ್ತದೆ. ಅದನ್ನು ಬಿಚ್ಚಿ ಮನೆಯವರ ಮುಂದಿಡುವುದೇ ಡೆಮೋ. ಧೂಳಕ್ಕ ಸೋಫಾದ್ದೊಂದು ಬಿಲ್ಲೆ ತೆಗೆದಳು, ಪರದೆಯದ್ದೊಂದು, ಕಾಲೊರಸಿನದ್ದೊಂದು. ಕನ್ನಡಕದಮ್ಮ ಒಂದೊಂದನ್ನೂ ಬಗ್ಗಿ ನೋಡಿ, "ಅಯ್ಯೋ, ಇಷ್ಟೊಂದಾ" ಎಂದರು. ದನಿಯಲ್ಲಿ ನಾಚಿಕೆ ಇತ್ತೇ ಹೊರತು ಕೊಳ್ಳುವ ಆಸೆ ಇರಲಿಲ್ಲ.

"ಈಗ ಹಾಸಿಗೆ" ಎಂದಳು ಧೂಳಕ್ಕ.

"ಹಾಸಿಗೆ ಬೇಡಮ್ಮ. ಹಾಲ್ ನೋಡಿದ್ನಲ್ಲ, ಸಾಕು."

"ಎಲ್ಲಾರೂ ಮೊದಲು ಹಾಗೇ ಅಂತಾರೆ" ಎಂದು ಅವಳು ಪೈಪು ಎಳೆದುಕೊಂಡು ಕೋಣೆಯ ಕಡೆ ಹೊರಟೇಬಿಟ್ಟಳು. ನಿಜವಾಗಿಯೂ ಎಲ್ಲರೂ ಹಾಗೇ ಅನ್ನುತ್ತಿದ್ದರು. ತಮ್ಮ ಹಾಸಿಗೆ ಪರರ ಕಣ್ಣಿಗೆ ಬೀಳುವುದು ಯಾರಿಗೂ ಬೇಕಾಗಿಲ್ಲ. ಆದರೆ ಹಾಸಿಗೆಯೇ ಬ್ರಹ್ಮಾಸ್ತ್ರ, ಅದನ್ನು ಬಿಡದೆ ಯಾವ ಆರ್ಡರೂ ಬಿದ್ದದ್ದಿಲ್ಲ.

ಇಬ್ಬರು ಮಲಗುವ ಮಂಚ. ಎರಡು ದಿಂಬು. ಬಾಗಿಲ ಕಡೆಯ ಅರ್ಧ ಮುದುಡಿತ್ತು, ಕಿಟಕಿಯ ಕಡೆಯ ಅರ್ಧದಲ್ಲಿ ಒಂದು ಸುಕ್ಕೂ ಇರಲಿಲ್ಲ. ಶುಭ್ರವಾಗಿ ಕಾಣುವ ಕಡೆಯೇ ಮಿಷಿನ್ ಹಾಕಬೇಕು, ಆಗಲೇ ಜನ ಬೆಚ್ಚಿ ಬೀಳುವುದು. ಧೂಳಕ್ಕ ಹೊದಿಕೆ ಸರಿಸಿ ಕಿಟಕಿಯ ಕಡೆ ಹಾಕಿದಳು. ಕನ್ನಡಕದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಏನೋ ಅಂದರು, ಮಿಷಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ಬಿಲ್ಲೆ ಬಿಚ್ಚಿದಾಗ ಅದರ ಮೇಲೆ ಜರಡಿ ಹಿಡಿದ ಹಿಟ್ಟಿನಷ್ಟು ನಯವಾದ ಬೂದು ಬಿಳಿ ಪುಡಿ ಕೂತಿತ್ತು. ಧೂಳಕ್ಕ ಅದನ್ನು ಅಂಗೈಮೇಲೆ ಇಟ್ಟುಕೊಂಡು, ಇಷ್ಟು ವರ್ಷ ಹೇಳಿದ್ದನ್ನೇ ಹೇಳಿದಳು.

"ಇದು ಮಣ್ಣಲ್ಲಮ್ಮ, ಬೀದಿ ಧೂಳೂ ಅಲ್ಲ. ಹಾಸಿಗೇಲಿ ಮಲಗೋರ ಮೈ ಚರ್ಮ ಇದು. ದಿನಾ ಉದುರುತ್ತೆ, ಕಣ್ಣಿಗೆ ಕಾಣಲ್ಲ. ನೀವು ಎಷ್ಟು ಕೊಡವಿದ್ರೂ ಒಳಗೇ ಇರುತ್ತೆ."

ಇಲ್ಲಿ ಎಲ್ಲರೂ "ಶೀ" ಅನ್ನುತ್ತಾರೆ. ಈ ಅಮ್ಮ ಅನ್ನಲಿಲ್ಲ.

"ಒಳಗೇ ಇರುತ್ತಾ?" ಎಂದು ಕೇಳಿದರು.

"ಇರುತ್ತಮ್ಮ."

"ಅಂದ್ರೆ ಇದು, ಆ ಕಡೆ ಮಲಗ್ತಿದ್ದೋರದ್ದೇ?"

"ಹೌದಮ್ಮ, ಅವರದ್ದೇ. ಅದಕ್ಕೇ ಹೇಳೋದು, ಈ ಮಿಷಿನ್ ಇದ್ರೆ ಒಂಚೂರೂ ಉಳಿಯಲ್ಲ. ಎಲ್ಲಾ ಎಳ್ಕೊಂಡ್ಬಿಡುತ್ತೆ."

ಕನ್ನಡಕದಮ್ಮ ಹಾಸಿಗೆ ನೋಡಿದರು, ಬಿಲ್ಲೆ ನೋಡಿದರು. ಮುಖ ಸುಣ್ಣದ ಹಾಗಾಗಿತ್ತು. "ಇವತ್ತಿಗೆ ಸಾಕಮ್ಮ. ನೀವು ಹೊರಡಿ" ಎಂದರು.

ಧೂಳಕ್ಕನಿಗೆ ಸಿಟ್ಟೇ ಬಂತು. ಕೊಳ್ಳದಿದ್ದರೆ ಬೇಡ, ಬೆನ್ನು ಮುರಿದು ಅಷ್ಟೆಲ್ಲ ತೋರಿಸಿದವಳಿಗೆ ಒಂದು ಒಳ್ಳೆಯ ಮಾತಾದರೂ ಬೇಡವೇ? ಪೈಪು ಸುತ್ತಿ, ಬಿಲ್ಲೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಲ ಹೆಗಲಿಗೇರಿಸಿ, "ಬರ್ತೀನಮ್ಮ" ಎಂದು ಬಾಗಿಲು ದಾಟಿದಳು.

ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿ ಕಾಲು ಚಾಚಿದಾಗ ಆ ಮಾತು ತಾನಾಗಿಯೇ ಮತ್ತೆ ಕಿವಿಗೆ ಬಂತು. ಮಲಗ್ತಿದ್ದೋರದ್ದೇ. ಅವಳು ಹೇಳಿದ್ದು ಮಲಗೋರು ಅಂತ. ಆ ಅಮ್ಮ ಕೇಳಿದ್ದು ಮಲಗ್ತಿದ್ದೋರು ಅಂತ. ತಾನು ಎಷ್ಟು ಉತ್ಸಾಹದಿಂದ ಹೌದಮ್ಮ, ಅವರದ್ದೇ ಅಂದುಬಿಟ್ಟಿದ್ದಳು! ಒಂಚೂರೂ ಉಳಿಯಲ್ಲ ಅಂತ ಬೇರೆ.

ಅಂಗಡಿಯ ಮುಂದೆ ನಿಂತಿದ್ದ ಆ ಗಂಡಸು, ಸುಕ್ಕಿಲ್ಲದ ಆ ಅರ್ಧ ಹಾಸಿಗೆ, ಬೇಡ ಅಂದರೂ ಕೇಳದೆ ತಾನು ಎಳೆದುಕೊಂಡು ಹೋದ ಪೈಪು. ನಾಟಕವಾದರೂ ಚಿಂತೆಯಿರಲಿಲ್ಲ, ಗೋಡೆ ನೋಡಿ ಯಾರಮ್ಮ ಇವರು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕವರು ತೆಗೆದು ನೋಡಿದಳು. ನಾಲ್ಕು ಬಿಲ್ಲೆಗಳಲ್ಲಿ ಹಾಸಿಗೆಯದ್ದು ಯಾವುದೆಂದು ಹುಡುಕಬೇಕಾಗಿರಲಿಲ್ಲ, ಬಿಳಿಯದ್ದು ಅದೊಂದೇ.

ಅಷ್ಟರಲ್ಲಿ ಬಸ್ಸು ಬಂತು.

"ಧೂಳಕ್ಕಾ, ಹತ್ತಿ ಹತ್ತಿ, ಹಿಂದೆ ಬೇರೆ ಗಾಡಿ ಇಲ್ಲ" ಎಂದು ಕಂಡಕ್ಟರ್ ಕೂಗಿದ.

ಅವಳು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು. ಹಲ್ಲಿನ ಡಾಕ್ಟರ ಮನೆಯಲ್ಲಿ ಆರ್ಡರು ಕಾಯುತ್ತಿದೆ. ಈ ಬಸ್ಸು ಬಿಟ್ಟರೆ ಅವರು ಹೊರಟುಬಿಡುತ್ತಾರೆ. ಬಿಲ್ಲೆಯನ್ನು ನಾಳೆ ತಂದುಕೊಟ್ಟರಾಯಿತು ಎಂದುಕೊಂಡಳು. ಮರುಕ್ಷಣವೇ, ಬಸ್ಸಿನ ಕುಲುಕಾಟಕ್ಕೆ ಪುಡಿಯೆಲ್ಲ ಉದುರಿ ಕವರಿನೊಳಗೆ ಕಾಲೊರಸಿನ ಮಣ್ಣಿನ ಜೊತೆ ಕಲೆತುಹೋಗುವುದು ಕಣ್ಣಿಗೆ ಕಟ್ಟಿತು. ಕಲೆತದ್ದನ್ನು ಯಾವ ಮಿಷಿನ್ನೂ ಬೇರೆ ಮಾಡಿಕೊಡುವುದಿಲ್ಲ.

"ಏನಕ್ಕಾ, ಹತ್ತೋದೋ ಇಳಿಯೋದೋ?"

"ನೀವು ಹೋಗಿ" ಎಂದು ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ಮಿಷಿನ್ ಹೊತ್ತುಕೊಂಡು ಅದೇ ಮೆಟ್ಟಿಲನ್ನು ಎರಡನೇ ಸಲ ಹತ್ತುವಾಗ ಅವಳು ತನ್ನನ್ನೂ ಕಂಪನಿಯನ್ನೂ ಮಂಡಿಯನ್ನೂ ಒಟ್ಟಿಗೆ ಬೈದುಕೊಂಡಳು. ಪ್ರತಿ ಮಹಡಿಯಲ್ಲೂ ನಿಂತು, ಕವರಿನಿಂದ ತೆಗೆದ ಬಿಲ್ಲೆಯನ್ನು ಅಂಗೈಯಲ್ಲಿ ಸಮವಾಗಿ ಹಿಡಿದಿದ್ದೇನೆಯೇ ಎಂದು ನೋಡಿಕೊಂಡಳು.

ಬಾಗಿಲು ಹಾಕಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಪೇಪರು ಹಾಸಿತ್ತು. ಕಸದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿಕೊಂಡು ಕನ್ನಡಕದಮ್ಮ ಮಂಡಿಯೂರಿ ಕೂತಿದ್ದರು. ತರಕಾರಿ ಸಿಪ್ಪೆ, ಹರಿದ ಲಕೋಟೆ, ಟೀ ಸೊಪ್ಪು ಎಲ್ಲವನ್ನೂ ಒಂದೊಂದಾಗಿ ಬೆರಳಲ್ಲಿ ಸರಿಸಿ ನೋಡುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹೊರಡುವ ಮುನ್ನ ತಾನು ಬಿಲ್ಲೆಯನ್ನು ಇಲ್ಲಿನ ಡಬ್ಬಿಗೇ ಎಸೆದಿರಬಹುದೆಂದು ಅವರು ಹುಡುಕುತ್ತಿದ್ದಾರೆ ಎಂದು ಧೂಳಕ್ಕನಿಗೆ ಹೊಳೆದಾಗ, ಅವಳಿಗೆ ಬಾಗಿಲಲ್ಲೇ ಕಣ್ಣು ತುಂಬಿ ಬಂತು.

"ಅಮ್ಮ" ಎಂದಳು. "ಇಲ್ಲಿದೆ. ನನ್ನ ಹತ್ರ ಇದೆ."

ಕನ್ನಡಕದಮ್ಮ ತಲೆಯೆತ್ತಿದರು. ಎದ್ದು, ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದು ಎರಡೂ ಕೈ ಚಾಚಿದರು. ಧೂಳಕ್ಕ ಬಿಲ್ಲೆಯನ್ನು ಅವರ ಕೈಯಲ್ಲಿಟ್ಟಳು.

"ನಂಗೆ ಗೊತ್ತಾಗ್ಲಿಲ್ಲಮ್ಮ. ತಪ್ಪಾಯ್ತು."

"ನಿನಗೆ ಹೇಗೆ ಗೊತ್ತಾಗ್ಬೇಕು? ಬೇಡ ಅಂತ ಗಟ್ಟಿಯಾಗಿ ಹೇಳೋಕೆ ನಂಗೂ ಬರ್ಲಿಲ್ಲ" ಎಂದರು ಅವರು. "ಆ ಕೋಣೆ ಕ್ಲೀನ್ ಮಾಡ್ಸು ಅಂತ ತಂಗಿ ದಿನಾ ಜೀವ ತಿಂತಾಳೆ. ನಾನು ಈಗ್ಲೂ ನನ್ನ ಕಡೆ ಬಿಟ್ಟು ಆ ಕಡೆ ಹೊರಳಲ್ಲ. ಹುಚ್ಚು ಅಂತಾಳೆ. ಅಲ್ಲೇನೂ ಇಲ್ಲ ಅಂತಾಳೆ." ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದೆಯಲ್ಲ."

ಅದನ್ನು ಒಂದು ಬಿಳಿ ಕರವಸ್ತ್ರದಲ್ಲಿ ಮಡಚಿ, ಖಾಲಿ ಕನ್ನಡಕದ ಡಬ್ಬಿಯೊಳಗೆ ಇಟ್ಟು, ಟಪ್ ಎಂದು ಮುಚ್ಚಿದರು. ಫೋಟೋದಲ್ಲಿದ್ದ ಅಂಗಡಿ ಕನ್ನಡಕದ ಅಂಗಡಿ ಎಂದು ಧೂಳಕ್ಕನಿಗೆ ಆಗ ಕಂಡಿತು. ಫೋಟೋದ ಗಂಡಸು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಯಾರಮ್ಮ ಇವರು ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಎಷ್ಟೋ ಮನೆಯಲ್ಲಿ ಸವೆಸಿದ ಆ ಮಾತನ್ನು ಇಲ್ಲಿ ಬಳಸಲು ಅವಳಿಗೆ ಮನಸ್ಸಾಗಲಿಲ್ಲ. ಸುಮ್ಮನೆ ನಿಂತು ನೋಡಿದಳು.

"ಕೂತ್ಕೋ. ಮತ್ತೆ ಮೂರು ಮಹಡಿ ಹತ್ತಿದೀಯ."

ನೀವು ಎಂಬುದು ಯಾವಾಗಲೋ ನೀನು ಆಗಿಹೋಗಿತ್ತು. ಧೂಳಕ್ಕ ಕೂತಳು. ನೀರು ಬಂತು, ಅವಳು ಒಂದೇ ಉಸಿರಿಗೆ ಅರ್ಧ ಲೋಟ ಕುಡಿದಳು. ಅವಳ ಚೀಲದಲ್ಲಿ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು. ಅವಳು ತೆಗೆಯಲಿಲ್ಲ.

"ನಿನ್ನ ಮನೇಲಿ ಯಾರ್ಯಾರಿದ್ದೀರಮ್ಮ?" ಎಂದು ಕನ್ನಡಕದಮ್ಮ ಕೇಳಿದರು.

ನೀವೇ ನಮ್ಮ ಫ್ಯಾಮಿಲಿ. ಬಾಯಿಪಾಠದ ಉತ್ತರ ಗಂಟಲಿನವರೆಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನೀರಿನ ಜೊತೆಗೆ ನುಂಗಿದಳು. ತನ್ನ ಮನೆಯ ಬಗ್ಗೆ ಹೇಳಿ ಅಭ್ಯಾಸವೇ ಇರಲಿಲ್ಲ.

"ನಾನು, ನಮ್ಮನೆಯವ್ರು. ಅವ್ರು ಬೇಕರೀಲಿ ರಾತ್ರಿ ಪಾಳಿ. ನಾನು ಮನೆಗೆ ಹೋಗೋ ಹೊತ್ತಿಗೆ ಅವ್ರು ಹೊರಡ್ತಾರೆ."

"ಹಾಗಾದ್ರೆ ಒಟ್ಟಿಗೆ ಇರೋದು ಯಾವಾಗ?"

"ಬಾಗಿಲಲ್ಲಿ" ಎಂದಳು ಧೂಳಕ್ಕ. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳಿಗೆ ಅಳು ಬಂದು, ಸೆರಗಿನಿಂದ ಮುಖ ಒತ್ತಿಕೊಂಡಳು. ಕನ್ನಡಕದಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಅವಳು ಮುಗಿಸುವವರೆಗೆ ಎದುರಿಗೆ ಕೂತಿದ್ದರು.

ಹೊರಡುವಾಗ ಅವರು ಬಾಗಿಲವರೆಗೆ ಬಂದರು. "ಮಿಷಿನ್ ನಂಗೆ ಬೇಡಮ್ಮ, ತಪ್ಪು ತಿಳ್ಕೋಬೇಡ. ನೀನು ಬೇಕಾದ್ರೆ ಬಾ. ಅದನ್ನ ಹೊತ್ಕೊಂಡು ಬರ್ಬೇಡ."

ಬೀದಿಗಿಳಿದ ಮೇಲೆ ಫೋನು ತೆಗೆದಳು. ಟೀಮ್ ಲೀಡರ್.

"ಎಲ್ಲಿದ್ದೀರಾ ಮೇಡಂ? ಡಾಕ್ಟರು ಕಾದು ಕಾದು ಹೊರಟುಹೋದ್ರು. ಬೇರೆ ಕಂಪನಿದು ತಗೋತೀವಿ ಅಂದ್ರು."

"ಕಸ್ಟಮರ್ ಮನೇಲಿದ್ದೆ ಸಾರ್."

"ಆರ್ಡರ್ ಆಯ್ತಾ?"

"ಇಲ್ಲ. ಕನೆಕ್ಷನ್ ಆಯ್ತು."

ಅವನು ನಗಲಿಲ್ಲ. "ನಾಳೆ ಮಿಷಿನ್ ತಂದುಬಿಡಿ ಮೇಡಂ" ಎಂದ. ದನಿಯಲ್ಲಿ ಬೇಸರವಿತ್ತು, ಅದು ನಿಜವಾದ ಬೇಸರವೇ ಇರಬೇಕು.

ಅವಳು ಮನೆ ಸೇರುವ ಹೊತ್ತಿಗೆ ಗಂಡ ಆಗಷ್ಟೇ ಎದ್ದು, ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದ.

"ರೀ, ಮಿಷಿನ್ ನಾಳೆ ವಾಪಸ್ ಕೊಡ್ಬೇಕು."

ಅವನು ಅವಳ ಮುಖ ನೋಡಿದ. ಏನಾಯಿತು, ಯಾಕಾಯಿತು ಅಂತ ಕೇಳುವಷ್ಟು ಹೊತ್ತು ಅವನಿಗೆ ಇರಲಿಲ್ಲ. "ಹೋಗ್ಲಿ ಬಿಡು. ಅದನ್ನ ಹೊತ್ತು ಹೊತ್ತು ನಿನ್ನ ಒಂದು ಭುಜ ಕೆಳಗಿಳಿದಿದೆ. ಬೇರೆ ಏನಾದ್ರೂ ನೋಡೋಣ" ಎಂದ. ಎದ್ದು ನಿಂತು, ಅವಳ ಹೆಗಲಿಂದ ಚೀಲ ಇಳಿಸಿಕೊಂಡು ಮೂಲೆಗಿಟ್ಟ. "ಹಾಗಾದ್ರೆ ಇವತ್ತೇ ಲಾಸ್ಟ್ ಚಾನ್ಸು. ನಮ್ಮ ಹಾಸಿಗೆಗೊಂದು ಡೆಮೋ ಹಾಕ್ಬಿಡು."

"ಬೇಡ" ಎಂದಳು ಅವಳು. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ.

"ಯಾಕೆ, ನಾನು ಕಸ್ಟಮರ್ ಅಲ್ವಾ?"

"ಅಲ್ಲ."

ಅವನು ತಮಾಷೆ ಅಂದುಕೊಂಡು ನಕ್ಕು, ಅವಳ ತಲೆ ಸವರಿ ಮೆಟ್ಟಿಲಿಳಿದ. ಅವಳು ಬಾಗಿಲು ಹಾಕಿಕೊಂಡು ಬಂದು, ಊಟವನ್ನೂ ಮಾಡದೆ, ಸೀರೆಯನ್ನೂ ಬದಲಿಸದೆ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಸ್ವಲ್ಪ ಹೊತ್ತು ತನ್ನ ಕಡೆಯೇ ಇದ್ದಳು. ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಅಲ್ಲಿ ಇನ್ನೂ ಬೆಚ್ಚಗಿತ್ತು, ದಿಂಬಿಗೆ ಹಿಟ್ಟು ಮೆತ್ತಿತ್ತು. ಅವಳು ಕೊಡವಲಿಲ್ಲ.